ಮೊದಲ ನಲವತ್ತು ಪದ

ಸೋಮವಾರ ಬೆಳಿಗ್ಗೆ ಅಕ್ಷಿತ್ ನಮ್ಮ ಫೀಡನ್ನು ನಲವತ್ತು ಪದಕ್ಕೆ ಕತ್ತರಿಸಿದ. ಆಗ ನಾನು ಅವನ ಪಕ್ಕದಲ್ಲೇ ಕುಳಿತಿದ್ದೆ, ಬೇಡ ಅನ್ನಲಿಲ್ಲ.

ನಮ್ಮದು ಬಿಜೈಯಲ್ಲಿ, ಸರಕಾರಿ ಬಸ್ ನಿಲ್ದಾಣದ ಹತ್ತಿರ, ಒಂದು ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆ. ಅಲ್ಲಿಂದ ‘ತೀರವಾರ್ತೆ’ ಎಂಬ ವೆಬ್‌ಸೈಟ್ ನಡೆಯುತ್ತದೆ. ಶುರುಮಾಡಿದವನು ನನ್ನ ಅಣ್ಣ ಜಯಪಾಲ. ಈಗ ಅವನಿಗೆ ಮಂಡಿನೋವು, ಮೆಟ್ಟಿಲು ಹತ್ತುವುದಿಲ್ಲ. ಕಂಪ್ಯೂಟರಿನ ಒಳಗಿನ ಕೆಲಸವೆಲ್ಲ ಅವನ ಮಗ ಅಕ್ಷಿತನದು. ಫೋನ್ ಎತ್ತುವುದು, ಬಂದವರನ್ನು ಮಾತಾಡಿಸುವುದು, ಪ್ರಕಟಣೆಗಳನ್ನು ಬರೆದು ಹಾಕುವುದು ನನ್ನದು. ಪ್ರಕಟಣೆ ಎಂದರೆ ಮರಣ, ಉತ್ತರಕ್ರಿಯೆ, ರಕ್ತ ಬೇಕಾಗಿದೆ, ನಾಯಿ ಕಳೆದುಹೋಗಿದೆ, ಇಂಥವು. ಊರ ಹೊರಗಿರುವವರು ನಮ್ಮನ್ನು ಓದುವುದೇ ಇದಕ್ಕಾಗಿ. ಮಂತ್ರಿ ಏನು ಹೇಳಿದ ಎಂಬುದು ಅವರಿಗೆ ಬೇರೆ ಕಡೆಯೂ ಸಿಗುತ್ತದೆ. ಪಕ್ಕದ ಕುಳಾಯಿ ಊರಿನಲ್ಲಿ ಯಾರು ತೀರಿಕೊಂಡರು ಎಂಬುದು ನಮ್ಮಲ್ಲಿ ಮಾತ್ರ ಸಿಗುತ್ತದೆ.

ಫೀಡ್ ಎಂದರೆ ಒಂದು ಪೈಪು ಅಂದುಕೊಂಡರೆ ಸಾಕು. ನಾವು ಇಲ್ಲಿ ಸುದ್ದಿ ಹಾಕಿದ ಕೂಡಲೇ ಅದು ತಾನಾಗಿ ಹರಿದು ಹೋಗಿ ಎಲ್ಲೆಲ್ಲಿಯೋ ಬೀಳುತ್ತದೆ. ಮೊಬೈಲಿನ ಆ್ಯಪುಗಳಲ್ಲಿ, ಗಲ್ಫಿನ ಸಂಘಗಳ ವಾಟ್ಸಾಪ್ ಗುಂಪುಗಳಲ್ಲಿ, ಹಡಗಿನಲ್ಲಿರುವವರ ಇಮೇಲಿನಲ್ಲಿ. ಇಷ್ಟು ವರ್ಷ ಇಡೀ ಸುದ್ದಿ ಹೋಗುತ್ತಿತ್ತು.

“ಅದೇ ತಪ್ಪು ಮಾಮಿ,” ಎಂದಿದ್ದ ಅಕ್ಷಿತ್. ನಾನು ಅವನ ತಂದೆಯ ತಂಗಿ, ಹಾಗಾಗಿ ಮಾಮಿ. “ಪೂರ್ತಿ ಅಲ್ಲೇ ಓದಿದ್ರೆ ನಮ್ಮ ಸೈಟಿಗೆ ಯಾರು ಬರ್ತಾರೆ? ಇನ್ನೊಬ್ಬ ನಮ್ಮದನ್ನೇ ಎತ್ತಿ ಐದು ನಿಮಿಷದಲ್ಲಿ ಅವನ ಹೆಸರಲ್ಲಿ ಹಾಕ್ತಾನೆ. ಮೊದಲ ನಲವತ್ತು ಪದ ಕೊಡುವ. ಬೇಕಾದವರು ‘ಮುಂದೆ ಓದಿ’ ಒತ್ತಿ ಬರ್ಲಿ.”

“ಬರ್ತಾರಾ?”

“ಬರ್ಲೇಬೇಕಲ್ಲ. ಅರ್ಧ ಬಿಟ್ಟು ಯಾರು ಸುಮ್ಮನೆ ಕೂತ್ಕೊಳ್ತಾರೆ?”

ಅವನ ಮಾತು ನನಗೆ ಸರಿಯಾಗಿಯೇ ಕಂಡಿತು. ಅಂಗಡಿಯವನು ಸೀರೆಯ ಸೆರಗಷ್ಟೇ ಬಿಡಿಸಿ ತೋರಿಸಿದ ಹಾಗೆ. ಅಣ್ಣನಿಗೆ ಫೋನ್ ಮಾಡಿದೆವು. “ಎಂತ ಬೇಕಾದ್ರೂ ಮಾಡಿ, ನನಗೆ ಓದ್ಲಿಕ್ಕೆ ಸಿಕ್ಕಿದ್ರೆ ಸಾಕು,” ಎಂದ. ಅಲ್ಲಿಗೆ ತೀರ್ಮಾನವಾಯಿತು. ಮೂರು ದಿನ ಯಾರೂ ದೂರು ಹೇಳಲಿಲ್ಲ. ಸೈಟಿಗೆ ಬರುವವರು ಸ್ವಲ್ಪ ಹೆಚ್ಚಾಗಿದ್ದಾರೆ ಎಂದು ಅಕ್ಷಿತ್ ನನಗೆ ಗೆರೆ ಗೆರೆಯ ಚಿತ್ರವೊಂದನ್ನು ತೋರಿಸಿದ.

ಗುರುವಾರ ಅವನು ರಜೆ. ಹೆಂಡತಿ ಮನ್ವಿತಾಳ ತಾಯಿಗೆ ಕಣ್ಣಿನ ಪರೀಕ್ಷೆ, ಅತ್ತಾವರದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಹತ್ತೂವರೆಯ ಹೊತ್ತಿಗೆ ನಾನೊಬ್ಬಳೇ ಇದ್ದಾಗ ಮೆಟ್ಟಿಲಲ್ಲಿ ಓಡಿಬರುವ ಸದ್ದು ಕೇಳಿತು. ಐವತ್ತರ ಹತ್ತಿರದ ಹೆಂಗಸು. ಮನೆಯಲ್ಲಿ ಉಡುವ ಸೀರೆ, ಕೈಯಲ್ಲಿ ಪರ್ಸ್ ಇಲ್ಲ, ಬರೀ ಮೊಬೈಲು. ಬಾಗಿಲು ಹಿಡಿದುಕೊಂಡು ನಿಂತರು.

“ಇಲ್ಲಿ ಪೇಪರಿಗೆ ಹಾಕ್ತಾರಾ? ಕೆಳಗೆ ಬೋರ್ಡ್ ಉಂಟಲ್ಲ.”

“ಪೇಪರ್ ಅಲ್ಲ, ಮೊಬೈಲಲ್ಲಿ ಬರ್ತದೆ. ಮೊದಲು ಕೂತ್ಕೊಳ್ಳಿ.”

ಕುಳಿತರು, ಆದರೆ ಕುರ್ಚಿಯ ತುದಿಯಲ್ಲಿ. ಹೆಸರು ಕುಶಲಾ, ಕಾಟಿಪಳ್ಳದವರು. ಮಾವ ಚೆನ್ನಪ್ಪ ಪೂಜಾರಿಯವರಿಗೆ ಎಂಬತ್ತೆರಡು. ಬೆಳಿಗ್ಗೆ ಏಳು ಗಂಟೆಗೆ ಹಾಲು ತರುತ್ತೇನೆಂದು ಹೋದವರು ಬಂದಿಲ್ಲ. ಹಾಲಿನವ ಮನೆಗೇ ಬಂದು ಹಾಕುತ್ತಾನೆ. ಅದು ಅವರಿಗೆ ಈಗೀಗ ನೆನಪಿರುವುದಿಲ್ಲ.

“ಬಸ್ಸು ಹತ್ತಿದ್ದನ್ನು ಪಕ್ಕದ ಮನೆಯವರು ನೋಡಿದ್ದಾರಂತೆ. ಯಾವ ಬಸ್ಸು ಅಂತ ಗೊತ್ತಿಲ್ಲ. ಸ್ಟೇಟ್‌ಬ್ಯಾಂಕಿನ ಬಸ್‌ಸ್ಟ್ಯಾಂಡಿನಲ್ಲಿ ಹುಡುಕಿದೆ, ಈಗ ಇಲ್ಲಿಯ ಸ್ಟ್ಯಾಂಡಿನಲ್ಲೂ ಹುಡುಕಿದೆ. ಇವರು ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಟ್ಟು ಸ್ಕೂಟರಿನಲ್ಲಿ ಸುತ್ತುತ್ತಾ ಇದ್ದಾರೆ.” ಇವರು ಎಂದರೆ ಗಂಡ ಜಯ. “ಮಾವನಿಗೆ ಶುಗರ್ ಉಂಟು. ಬೆಳಿಗ್ಗೆ ಎಂತದೂ ತಿನ್ಲಿಲ್ಲ. ಮಾತ್ರೆಯೂ ತಕ್ಕೊಳ್ಲಿಲ್ಲ. ಕಳೆದ ತಿಂಗಳು ಹೀಗೇ ಊಟ ತಪ್ಪಿ ಬಚ್ಚಲಲ್ಲಿ ಬಿದ್ದಿದ್ರು. ಮನೆಯಲ್ಲಿ ಆದ ಕಾರಣ ಬದುಕಿದ್ರು ಅಂತ ಡಾಕ್ಟ್ರೇ ಹೇಳಿದ್ದು. ಮಧ್ಯಾಹ್ನದ ಒಳಗೆ ಸಿಗದಿದ್ರೆ...”

ನಾನು ಕೀಬೋರ್ಡ್ ಎಳೆದುಕೊಂಡೆ. “ಫೋಟೋ ಉಂಟಾ?”

ಮೊಬೈಲಿನಲ್ಲಿ ಹುಡುಕಿದರು. ಮೊಮ್ಮಕ್ಕಳದು ಸಾವಿರ ಇತ್ತು, ಅಜ್ಜನದು ಒಂದೇ. ಹೋದ ವರ್ಷ ಭಜನಾ ಮಂಡಳಿಯವರು ಸನ್ಮಾನ ಮಾಡಿದಾಗಿನದು. ಶಾಲು, ಪೇಟ, ಕೊರಳಲ್ಲಿ ಗಂಧದ ಹಾರ. ಸುತ್ತಲೂ ಎಂಟು ಜನ ನಿಂತಿದ್ದರು. ನಾನು ಅವರನ್ನೆಲ್ಲ ಕತ್ತರಿಸಿ ಅಜ್ಜನ ಮುಖ ಮತ್ತು ಎದೆ ಮಾತ್ರ ಉಳಿಸಿದೆ. ಮುಖ ಚೆನ್ನಾಗಿ ಕಾಣುತ್ತಿತ್ತು.

ಅಷ್ಟರಲ್ಲಿ ಜಯ ಫೋನಿನಲ್ಲಿ ಬಂದರು. ಕುಶಲಾ ವಿಷಯ ಹೇಳಿ ನನ್ನ ಕೈಗೆ ಕೊಟ್ಟರು.

“ಅಕ್ಕ, ನಮಸ್ಕಾರ. ಹಾಕಿ, ಒಳ್ಳೆಯದೇ. ಆದ್ರೆ ಮೇಲೆ ದೊಡ್ಡದಾಗಿ ‘ಕಾಣೆಯಾಗಿದ್ದಾರೆ’ ಅಂತ ಬೇಡ. ಅಪ್ಪನಿಗೆ ಊರಲ್ಲಿ ಒಂದು ಹೆಸರು ಉಂಟು. ನಾಳೆ ನಾಲ್ಕು ಜನ ‘ಮಗ ನೋಡಿಕೊಳ್ಲಿಲ್ಲ’ ಅಂತಾರೆ.”

“ಹೆಸರು ಮಾತ್ರ ಹಾಕುವ. ಒಳಗೆ ವಿಷಯ ಬರೆಯುವ.”

“ಹಾಂ, ಹಾಗೆ ಮಾಡಿ. ಮಂಡಳಿಯ ಸ್ಥಾಪಕರು ಅಂತ ಹಾಕಿ. ಕಳ್ಳು ಇಳಿಸುವವರ ಸಂಘ ಉಂಟಲ್ಲ, ಮೂರ್ತೆದಾರರದ್ದು, ಅದರಲ್ಲಿ ನಿರ್ದೇಶಕರಾಗಿದ್ದದ್ದು ಹಾಕಿ. ಗೌರವ ಕೊಟ್ಟು ಬರೆಯಿರಿ ಅಕ್ಕ, ಬೀದಿಯಲ್ಲಿ ಬಿದ್ದವರ ಹಾಗೆ ಆಗ್ಬಾರ್ದು.”

ಇದು ನಮ್ಮ ಕಡೆಯ ಪದ್ಧತಿ. ಹಿರಿಯರ ಹೆಸರನ್ನು ಬರಿದಾಗಿ ಬರೆಯುವುದಿಲ್ಲ. ಅವರು ಯಾರು, ಎಂತ ಮಾಡಿದವರು, ಎಷ್ಟು ಮಕ್ಕಳು ಎಂಬುದೆಲ್ಲ ಮೊದಲು ಬಂದು, ಅವರಿಗೆ ಏನಾಯಿತು ಎಂಬುದು ಆಮೇಲೆ ಬರಬೇಕು. ಇಲ್ಲದಿದ್ದರೆ ಮನೆಯವರಿಗೆ ಬೇಜಾರು. ಸಾವಿರ ಸಲ ಹಾಗೆ ಬರೆದ ಕೈ ನನ್ನದು. ಅವತ್ತೂ ಹಾಗೆಯೇ ಬರೆದೆ. ‘ಕಾಟಿಪಳ್ಳ: ಚೆನ್ನಪ್ಪ ಪೂಜಾರಿ’ ಎಂಬ ತಲೆಬರಹ, ಅದರ ಕೆಳಗೆ ಫೋಟೋ, ಅದರ ಕೆಳಗೆ ಹೀಗೆ:

‘ಕಾಟಿಪಳ್ಳದ ಹಿರಿಯರಾದ ಚೆನ್ನಪ್ಪ ಪೂಜಾರಿ (82) ಊರಿನ ಎಲ್ಲರಿಗೂ ಬೇಕಾದವರು. ಇಲ್ಲಿನ ಭಜನಾ ಮಂಡಳಿಯ ಸ್ಥಾಪಕರಲ್ಲಿ ಒಬ್ಬರು. ಮೂರ್ತೆದಾರರ ಸಹಕಾರಿ ಸಂಘದ ನಿರ್ದೇಶಕರಾಗಿ ಅನೇಕ ವರ್ಷ ದುಡಿದವರು. ಸರಳ, ಸಜ್ಜನ ವ್ಯಕ್ತಿ ಎಂದು ಜನರ ಪ್ರೀತಿಗೆ ಪಾತ್ರರಾದವರು. ಕಷ್ಟ ಎಂದು ಬಂದವರನ್ನು ಎಂದೂ ಬರಿಗೈಯಲ್ಲಿ ಕಳಿಸಿದವರಲ್ಲ. ಇಬ್ಬರು ಪುತ್ರರು, ಸೊಸೆಯಂದಿರು, ಮೊಮ್ಮಕ್ಕಳ ತುಂಬು ಸಂಸಾರ ಅವರದು.’

ಇದರ ನಂತರ ಮುಖ್ಯವಾದದ್ದು. ಬೆಳಿಗ್ಗೆ ಏಳರಿಂದ ಕಾಣುತ್ತಿಲ್ಲ. ಬಿಳಿ ಬನಿಯನು, ನೀಲಿ ಚೌಕುಳಿಯ ಲುಂಗಿ, ಕೈಯಲ್ಲಿ ಕೊಡೆ. ತುಳು ಮಾತ್ರ ಮಾತಾಡುತ್ತಾರೆ. ಹಿಂದೆ ತಾಳೆಮರದಿಂದ ಬಿದ್ದ ಕಾರಣ ಬಲಗೈಯ ಕಿರುಬೆರಳು ಮಡಚುವುದಿಲ್ಲ. ಬಂದರು ಕಟ್ಟುವಾಗ ಬಿಟ್ಟುಬಂದ ಪಣಂಬೂರಿನ ಹಳೆಯ ಮನೆಗೆ ಹೋಗಬೇಕೆಂದು ಆಗಾಗ ಹೇಳುತ್ತಿರುತ್ತಾರೆ. ಕಂಡವರು ದಯವಿಟ್ಟು ಏನಾದರೂ ತಿನ್ನಲು ಕೊಟ್ಟು ಈ ನಂಬರಿಗೆ ತಿಳಿಸಿ. ಎಲ್ಲ ಇತ್ತು. ಒಂದೂ ಬಿಟ್ಟಿರಲಿಲ್ಲ. ಕುಶಲಾ ಅವರಿಗೆ ಓದಿ ತೋರಿಸಿ ಹನ್ನೊಂದು ಗಂಟೆಗೆ ಸೈಟಿಗೆ ಹಾಕಿದೆ.

ಅವರಿಗೆ ನೀರು ಕೊಟ್ಟು, ನಿಲ್ದಾಣದ ಕಂಡಕ್ಟರುಗಳಲ್ಲಿ ನನಗೆ ಪರಿಚಯದ ಮೂವರಿಗೆ ಫೋನ್ ಮಾಡಿದೆ. ಕುಶಲಾ ತನ್ನ ಫೋನನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತಾ ಕುಳಿತರು.

ಹನ್ನೊಂದೂವರೆಗೆ ಅದು ಬಡಿದುಕೊಂಡಿತು. ಎತ್ತಿ “ಮುಖೇಶ್” ಎಂದರು. ಅಬುಧಾಬಿಯಲ್ಲಿರುವ ಮೈದುನ. ಅವರಿಗೆ ಇನ್ನೂ ವಿಷಯ ತಿಳಿಸಿಯೇ ಇರಲಿಲ್ಲ. ದೂರದಲ್ಲಿರುವವರಿಗೆ ಯಾಕೆ ಗಾಬರಿ ಎಂದು ಜಯ ತಡೆದಿದ್ದರಂತೆ.

ಆ ಕಡೆಯ ದನಿ ನನಗೂ ಕೇಳುತ್ತಿತ್ತು. “ಅತ್ತಿಗೆ, ನನಗೊಂದು ಮಾತು ಹೇಳ್ಲಿಲ್ಲ ನೀವು. ಹೊರಗಿನವರಿಂದ ಗೊತ್ತಾಗಬೇಕಾ? ಬಾಡಿ ಎಲ್ಲಿ ಉಂಟು ಈಗ? ನಾನು ಟಿಕೆಟ್ ಮಾಡ್ತಾ ಇದ್ದೇನೆ. ಅಪ್ಪನ ಮುಖ ನೋಡದೆ ತೆಗೀಬೇಡಿ. ನಾಳೆ ಬೆಳಿಗ್ಗೆವರೆಗೆ ಇಡ್ಲಿಕ್ಕೆ ಹೇಳಿ ಅಣ್ಣನಿಗೆ.”

ಕುಶಲಾ ಅವರ ಕೈಯಿಂದ ಫೋನ್ ಜಾರಿ ಮೇಜಿಗೆ ಬಿತ್ತು. ಮುಖದಲ್ಲಿ ಬಣ್ಣವೇ ಇಲ್ಲ. “ಸಿಕ್ಕಿದ್ದಾರಂತೆ,” ಎಂದರು ನನ್ನತ್ತ ತಿರುಗಿ, ಬಹಳ ಮೆಲ್ಲಗೆ. “ಸಿಕ್ಕಿದ್ದಾರೆ. ಹೋಗಿಬಿಟ್ಟಿದ್ದಾರೆ.” ಮರುಕ್ಷಣ ಅದೇ ಫೋನಿನಲ್ಲಿ ಇನ್ನೊಂದು ಕರೆ, ಮುಲ್ಕಿಯ ಯಾರೋ ಚಿಕ್ಕಮ್ಮ. ಅದರ ಹಿಂದೆ ಮತ್ತೊಂದು. ಮೆಸೇಜುಗಳು ಸಾಲಾಗಿ ಬೀಳುತ್ತಿದ್ದವು. ಕೈಮುಗಿದ ಚಿತ್ರ, ಓಂ ಶಾಂತಿ, ಓಂ ಶಾಂತಿ, ಒಂದು ಹೂವು.

ನಾನೂ ಮೊದಲು ನಂಬಿದೆ. ಆದರೆ ಇಪ್ಪತ್ತು ವರ್ಷ ನಾನು ಇದೇ ಬಿಜೈಯಲ್ಲಿ ಎಸ್‌ಟಿಡಿ ಬೂತ್ ನಡೆಸಿದವಳು. ಸಾವಿನ ಫೋನುಗಳನ್ನು ಎಷ್ಟು ಕೇಳಿದ್ದೇನೋ ಲೆಕ್ಕವಿಲ್ಲ. ನಿಜವಾಗಿ ಸತ್ತಾಗ ಯಾರೋ ಒಬ್ಬ ಕಣ್ಣಾರೆ ಕಂಡವನು ಇರುತ್ತಾನೆ. ಎಲ್ಲಿ, ಹೇಗೆ, ಎಷ್ಟು ಗಂಟೆಗೆ ಎಂದು ಅವನೇ ಮೊದಲು ಹೇಳುತ್ತಾನೆ. ಮೀಟರು ಓಡುತ್ತಿದ್ದ ಕಾಲ ಅದು, ಯಾರೂ ಪೀಠಿಕೆ ಹಾಕುತ್ತಿರಲಿಲ್ಲ. ಇಲ್ಲಿ ಕಂಡವನು ಯಾರು? ಪೊಲೀಸರ ಕರೆಯಿಲ್ಲ. ಗಂಡನ ಕರೆಯಿಲ್ಲ. ಮೊದಲ ಕರೆ ಅಬುಧಾಬಿಯಿಂದ.

ನಾನು ಫೋನ್ ಎತ್ತಿಕೊಂಡು ಮುಖೇಶನನ್ನು ಮತ್ತೆ ಹಿಡಿದೆ.

“ಮುಖೇಶ್, ನಾನು ವಿನೋದಾ ಅಂತ, ಬಿಜೈಯಿಂದ. ನಿಮ್ಮ ಅತ್ತಿಗೆ ನನ್ನ ಜೊತೆ ಇದ್ದಾರೆ. ನಿಮಗೆ ಯಾರು ಹೇಳಿದ್ದು?”

“ಗ್ರೂಪಿನಲ್ಲಿ ಬಂತು. ಊರಿನವರ ಗ್ರೂಪು.”

“ಯಾರಾದ್ರೂ ಫೋನ್ ಮಾಡಿ ಹೇಳಿದ್ರಾ, ಅಥವಾ ಬರೆದದ್ದಾ?”

“ಬರೆದದ್ದು. ಫೋಟೋ ಉಂಟು. ಹಾರ ಹಾಕಿದ್ದು.”

“ಅದನ್ನು ಓದಿ ನೋಡುವ.”

“ಈಗ ಎಂತ ಓದುದು ಮಾರಾಯ್ರೆ, ಅಪ್ಪ ಹೋಗಿ...”

“ಓದಿ. ನನಗೋಸ್ಕರ ಓದಿ.”

ಅವನು ಮೂಗು ಸೇದುತ್ತಾ ಓದತೊಡಗಿದ. “ಕಾಟಿಪಳ್ಳದ ಹಿರಿಯರಾದ ಚೆನ್ನಪ್ಪ ಪೂಜಾರಿ, ಬ್ರ್ಯಾಕೆಟಿನಲ್ಲಿ ಎಂಬತ್ತೆರಡು, ಊರಿನ ಎಲ್ಲರಿಗೂ ಬೇಕಾದವರು...” ಒಂದೊಂದು ಪದವೂ ನನ್ನದೇ. ಮಂಡಳಿ ಬಂತು, ಸಂಘ ಬಂತು. “...ಇಬ್ಬರು ಪುತ್ರರು, ಸೊಸೆಯಂದಿರು, ಮೊಮ್ಮಕ್ಕಳ ತುಂಬು ಸಂಸಾರ ಅವರದು.”

“ಮುಂದೆ?”

“ಮುಂದೆ ಎಂತ ಇಲ್ಲ. ಮೂರು ಚುಕ್ಕೆ ಉಂಟು.”

ನಾನು ಕುರ್ಚಿಯಲ್ಲಿ ಕುಳಿತುಬಿಟ್ಟೆ. “ಅದರ ಕೆಳಗೆ ‘ಮುಂದೆ ಓದಿ’ ಅಂತ ಇಲ್ವಾ?”

“ಉಂಟು.”

“ಒತ್ತಲಿಲ್ವಾ?”

“ತೀರಿಕೊಂಡದ್ದು ಗೊತ್ತಾದ ಮೇಲೆ ಮುಂದೆ ಓದ್ಲಿಕ್ಕೆ ಎಂತ ಉಂಟು?”

ಗಂಧದ ಹಾರದ ಫೋಟೋ, ಬ್ರ್ಯಾಕೆಟಿನಲ್ಲಿ ವಯಸ್ಸು, ಸಜ್ಜನ, ತುಂಬು ಸಂಸಾರ. ನಮ್ಮೂರಿನವರಿಗೆ ಇಷ್ಟು ಕಂಡರೆ ಉಳಿದದ್ದನ್ನು ಅವರೇ ತುಂಬಿಸಿಕೊಳ್ಳುತ್ತಾರೆ. ನಾನಾದರೂ ಹಾಗೆಯೇ ತಿಳಿಯುತ್ತಿದ್ದೆ.

“ಮುಖೇಶ್, ಅದು ನಾನೇ ಬರೆದದ್ದು. ನಿಮ್ಮ ಅಪ್ಪ ತೀರಿಕೊಂಡದ್ದಲ್ಲ. ಬೆಳಿಗ್ಗೆಯಿಂದ ಮನೆಗೆ ಬಂದಿಲ್ಲ, ಹುಡುಕ್ತಾ ಇದ್ದೇವೆ. ಅದನ್ನು ಹೇಳುವ ಮೊದಲೇ ಸುದ್ದಿ ತುಂಡಾಗಿದೆ. ತಪ್ಪು ನಮ್ಮದು.”

“ಹಾಗಾದ್ರೆ ಇದ್ದಾರಾ?” ಎಂದ.

“ಇಲ್ಲ ಅಂತ ಯಾರೂ ಹೇಳಿಲ್ಲ,” ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ.

ಕುಶಲಾ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಮೊದಲಿನಿಂದ ಬಿಡಿಸಿ ಹೇಳಿದೆ. ಅರ್ಥವಾಗುತ್ತಾ ಹೋದಂತೆ ಮುಖಕ್ಕೆ ರಕ್ತ ಬಂತು, ಜೊತೆಗೆ ಸಿಟ್ಟೂ ಬಂತು. “ಅಂದ್ರೆ ಯಾರೂ ಹುಡುಕ್ತಾ ಇಲ್ಲ,” ಎಂದರು. “ಎಲ್ಲರೂ ಕೈಮುಗಿದು ಕೂತಿದ್ದಾರೆ.”

ಸರಿಯಾಗಿ ಹೇಳಿದರು. ಹಾಗೆಯೇ ಇತ್ತು ಅವಸ್ಥೆ. ಗಂಟೆ ಹನ್ನೆರಡಕ್ಕೆ ಐದು ನಿಮಿಷ.

ಅಕ್ಷಿತನಿಗೆ ಫೋನ್ ಮಾಡಿದೆ. ಆಸ್ಪತ್ರೆಯಲ್ಲಿ ಸಣ್ಣ ದನಿಯಲ್ಲಿ ಮಾತಾಡಿದ. “ಎಂತ ಮಾಮಿ? ಅತ್ತೆಗೆ ಈಗಷ್ಟೇ ಕಣ್ಣಿಗೆ ಡ್ರಾಪ್ಸ್ ಹಾಕಿದ್ದಾರೆ.”

“ನಿನ್ನ ನಲವತ್ತು ಪದ ಒಬ್ಬರನ್ನು ಕೊಂದಿದೆ. ಪೂರ್ತಿ ಹೋಗುವ ಹಾಗೆ ಮಾಡುದು ಹೇಗೆ, ಬೇಗ ಹೇಳು.”

ವಿಷಯ ಹೇಳಿದಾಗ ವಾದ ಮಾಡಲಿಲ್ಲ, ಅದಕ್ಕೆ ಅವನನ್ನು ಮೆಚ್ಚಬೇಕು. ಎಲ್ಲಿ ಒತ್ತಬೇಕು, ಅದರಲ್ಲಿ ಎಲ್ಲಿ ಇಳಿಯಬೇಕು, ಯಾವ ಬಿಳಿ ಚುಕ್ಕೆಯನ್ನು ಮೇಲಕ್ಕೆ ತರಬೇಕು ಎಂದು ಒಂದೊಂದಾಗಿ ಹೇಳಿದ. ‘ಸಾರಾಂಶ’ ಎಂಬಲ್ಲಿದ್ದ ಚುಕ್ಕೆ ‘ಪೂರ್ತಿ ಪಠ್ಯ’ ಎಂಬಲ್ಲಿಗೆ ಹೋಯಿತು. ಕೆಳಗೆ ನೀಲಿ ಗುಂಡಿ ಒತ್ತಿದೆ.

“ಆದ್ರೆ ಮಾಮಿ, ಹಳೆಯದು ಮತ್ತೆ ಹೋಗುದಿಲ್ಲ. ಹೋದದ್ದು ಹೋಯ್ತು. ಹೊಸದಾಗಿ ಬರೆದು ಹಾಕಿ.”

“ಹಾಕ್ತೇನೆ.”

“ಮತ್ತೆ ಹೆಡ್ಡಿಂಗಿನಲ್ಲೇ ಹೇಳಿ. ಗುಂಪುಗಳಲ್ಲಿ ಅದನ್ನು ಬಿಟ್ಟು ಬೇರೆ ಓದುದಿಲ್ಲ.”

ಹೊಸದನ್ನು ಬರೆಯಲು ಕುಳಿತಾಗ ಒಂದು ಕಡೆ ಕೈ ನಿಂತಿತು. ‘ಚೆನ್ನಪ್ಪ ಪೂಜಾರಿ ತೀರಿಕೊಂಡಿಲ್ಲ’ ಎಂದು ಮೊದಲ ಸಾಲು. ಅದು ನನಗೆ ಗೊತ್ತಿತ್ತೇ? ಗೊತ್ತಿರಲಿಲ್ಲ. ಅಜ್ಜ ಮನೆ ಬಿಟ್ಟು ಐದು ತಾಸಾಗಿತ್ತು, ಖಾಲಿ ಹೊಟ್ಟೆ, ಎಂಬತ್ತೆರಡು ವಯಸ್ಸು, ಹೊರಗೆ ಬಿಸಿಲು. ಕುಶಲಾ ನನ್ನ ಹೆಗಲ ಹಿಂದೆ ನಿಂತು ಓದುತ್ತಿದ್ದರು.

“ಹಾಕಿ ಅಕ್ಕ,” ಎಂದರು. “ತೀರಿಕೊಂಡಿಲ್ಲ ಅಂತಲೇ ಹಾಕಿ. ಸುಳ್ಳಾದ್ರೆ ನಾನು ಉತ್ತರ ಹೇಳ್ತೇನೆ.”

“ನಿಮ್ಮ ಯಜಮಾನರು ಕಾಣೆ ಅಂತ ಬೇಡ ಅಂದಿದ್ರು.”

“ಅವರಿಗೂ ನಾನೇ ಉತ್ತರ ಹೇಳ್ತೇನೆ.”

ಮಂಡಳಿ, ಸಂಘ, ಸಂಸಾರ ಎಲ್ಲ ಬಿಟ್ಟೆ. ತೀರಿಕೊಂಡಿಲ್ಲ, ಕಾಣೆಯಾಗಿದ್ದಾರೆ, ಈಗಲೂ ಹುಡುಕುತ್ತಿದ್ದೇವೆ. ಲುಂಗಿ, ಕೊಡೆ, ಕಿರುಬೆರಳು, ಸಕ್ಕರೆ ಕಾಯಿಲೆ, ಪಣಂಬೂರು. ಫೋಟೋವನ್ನು ಇನ್ನೂ ಕತ್ತರಿಸಿ ಹಾರ ಕಾಣದಂತೆ ಗಲ್ಲದವರೆಗೆ ಮಾತ್ರ ಇಟ್ಟೆ. ಪೇಟವನ್ನು ತೆಗೆಯಲು ಆಗಲಿಲ್ಲ. ಕುಶಲಾ ಅವರ ಫೋನು ಸಂತಾಪದ ಕರೆಗಳಿಂದ ಒಂದು ನಿಮಿಷವೂ ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಆದ್ದರಿಂದ ನಮ್ಮ ಆಫೀಸಿನ ನಂಬರು ಕೊಟ್ಟೆ. ಹನ್ನೆರಡೂ ಹತ್ತಕ್ಕೆ ಹೋಯಿತು.

ಜಯ ಅವರ ಕರೆ ಮೊದಲು ಬಂತು. ಪಣಂಬೂರಿನ ಕಡಲ ತೀರದಲ್ಲಿ ಹುಡುಕಿ ಬಂದಿದ್ದರು, ಇರಲಿಲ್ಲ. ದಾರಿಯಲ್ಲಿ ಇಬ್ಬರು ನಿಲ್ಲಿಸಿ ಕೈ ಹಿಡಿದುಕೊಂಡು ಸಂತಾಪ ಹೇಳಿದ್ದರಂತೆ. ಅವರ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರ ಹಕ್ಕು. ಎಲ್ಲ ಕೇಳಿ, “ತಪ್ಪಾಯ್ತು. ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ, ಈಗ ಲೈನ್ ಬಿಡಿ,” ಎಂದೆ. ಬಿಟ್ಟರು.

ಹನ್ನೆರಡೂ ಇಪ್ಪತ್ತೈದಕ್ಕೆ ಆಫೀಸಿನ ಫೋನು.

“ಅಕ್ಕ, ನಾನು ಉಬೈದ್ ಮಾತಾಡುದು. ಪಣಂಬೂರಿನಲ್ಲಿ ಬಂದರಿನ ಗೋಡೆ ಉಂಟಲ್ಲ, ಲಾರಿ ನಿಲ್ಲುವ ಸೈಡು, ಅಲ್ಲಿ ನನ್ನ ಕ್ಯಾಂಟೀನು. ನೀವು ಬೆರಳಿನ ವಿಷಯ ಬರೆದಿದ್ದೀರಲ್ಲ. ಬಲಗೈದಾ?”

“ಬಲಗೈದು. ಕಿರುಬೆರಳು.”

“ಹಾಗಾದ್ರೆ ಇವರೇ. ಬೆಳಿಗ್ಗೆಯಿಂದ ಇಲ್ಲೇ ಇದ್ದಾರೆ. ಚಾಯ ಕುಡಿಯುವಾಗ ಬೆರಳು ಎತ್ತಿ ಹಿಡೀತಾರೆ, ದೊಡ್ಡ ಸಾಹೇಬರ ಹಾಗೆ. ನಾನು ತಮಾಷೆ ಮಾಡಿದ್ದೆ.”

“ಹೇಗಿದ್ದಾರೆ?”

“ಎಂತ ಆಗಿಲ್ಲ. ಎರಡು ಇಡ್ಲಿ ತಿಂದಿದ್ದಾರೆ, ಆಮೇಲೆ ಗೋಳಿಬಜೆ. ಈಗ ಬೆಂಚಿನಲ್ಲಿ ಮಲಗಿದ್ದಾರೆ.”

ನಾನು ಫೋನನ್ನು ಕುಶಲಾ ಅವರ ಕಿವಿಗೆ ಹಿಡಿದೆ. ಅವನು ಅದನ್ನೇ ಇನ್ನೊಮ್ಮೆ ಹೇಳಿರಬೇಕು. ಅವರು “ಇಡ್ಲಿಯಾ?” ಎಂದು ಕೇಳಿದರು. “ಚಾಯಕ್ಕೆ ಸಕ್ಕರೆ ಹಾಕಿದ್ರಾ?” ಎಂದರು. ಆಮೇಲೆ ಗೋಡೆಗೆ ಒರಗಿ ಅತ್ತರು. ಅಷ್ಟು ಹೊತ್ತು ಅವರು ಅತ್ತಿರಲಿಲ್ಲ.

ಆ ಸ್ಥಿತಿಯಲ್ಲಿ ಅವರನ್ನು ಒಬ್ಬರನ್ನೇ ಕಳಿಸುವ ಹಾಗಿರಲಿಲ್ಲ. ಬಾಗಿಲು ಹಾಕಿ ಇಬ್ಬರೂ ರಿಕ್ಷಾ ಹತ್ತಿದೆವು. ಕೂಳೂರು ಸೇತುವೆಯಲ್ಲಿ ಎಂದಿನ ಹಾಗೆ ವಾಹನಗಳು ನಿಂತಿದ್ದವು. ಕುಶಲಾ ಮೊದಲು ಗಂಡನಿಗೆ ವಿಷಯ ತಿಳಿಸಿ, ದಾರಿಯುದ್ದಕ್ಕೂ ಬಂದ ಕರೆಗಳಿಗೆಲ್ಲ ಒಂದೇ ಉತ್ತರ ಕೊಡುತ್ತಿದ್ದರು. “ಇಲ್ಲ, ಇಡ್ಲಿ ತಿಂದು ಮಲಗಿದ್ದಾರೆ.” ಮೊದಲ ಸಲ ಅಳುತ್ತಾ ಹೇಳಿದರು, ನಾಲ್ಕನೆಯ ಸಲಕ್ಕೆ ನಗು ಬಂತು. ಮುಲ್ಕಿಯ ಚಿಕ್ಕಮ್ಮ ಆಗಲೇ ಬಸ್ಸು ಹತ್ತಿದ್ದರಂತೆ. “ಬರ್ತಾ ಇದ್ದೇನಲ್ಲ, ಹೇಗೂ ನೋಡಿಕೊಂಡು ಹೋಗ್ತೇನೆ,” ಎಂದರಂತೆ.

ಕ್ಯಾಂಟೀನು ಎಂದರೆ ತಗಡಿನ ಮಾಡು, ಎರಡು ಬೆಂಚು, ಎದುರಿಗೆ ರಸ್ತೆ, ರಸ್ತೆಯಾಚೆ ಉದ್ದಕ್ಕೆ ಬಂದರಿನ ಗೋಡೆ. ನಾವು ಇಳಿಯುವಾಗ ಅಜ್ಜ ಎದ್ದು ಕುಳಿತಿದ್ದರು. ಕೊಡೆಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಗೋಡೆಯನ್ನು ನೋಡುತ್ತಿದ್ದರು. ಸೊಸೆಯನ್ನು ಕಂಡು ಆಶ್ಚರ್ಯವೇನೂ ಆಗಲಿಲ್ಲ.

“ಬಂದಿಯಾ? ಕೂತ್ಕೋ. ಇಲ್ಲಿ ದಾರಿ ಮುಚ್ಚಿದ್ದಾರೆ,” ಎಂದರು.

ಕುಶಲಾ ಪಕ್ಕದಲ್ಲಿ ಕುಳಿತು ಅವರ ಹಣೆ, ಕೈ ಮುಟ್ಟಿ ನೋಡಿದರು. ಬನಿಯನಿನ ಮೇಲೆ ಬಿದ್ದಿದ್ದ ಚೂರುಗಳನ್ನು ಕೊಡವಿದರು.

ಉಬೈದ್ ನಲವತ್ತರ ಹತ್ತಿರದವನು. ನನ್ನನ್ನು ಒಂದು ಬದಿಗೆ ಕರೆದ. “ಅಕ್ಕ, ನನ್ನ ಮೇಲೆ ಬೇಜಾರು ಮಾಡ್ಬೇಡಿ. ಹನ್ನೊಂದು ಗಂಟೆಗೇ ನನ್ನ ಮೊಬೈಲಿಗೆ ಫೋಟೋ ಬಂದಿತ್ತು. ಇವರ ಹಾಗೆಯೇ ಉಂಟಲ್ಲ ಅಂತ ನೋಡಿದೆ. ಆದ್ರೆ ಅದರಲ್ಲಿರುವವರು ತೀರಿಕೊಂಡವರು. ಇವರು ನನ್ನ ಎದುರು ಕೂತು ಗೋಳಿಬಜೆ ತಿಂತಾ ಇದ್ದಾರೆ. ಅಣ್ಣನೋ ತಮ್ಮನೋ ಇರ್ಬೇಕು ಅಂದುಕೊಂಡೆ. ಕಾಟಿಪಳ್ಳದಲ್ಲಿ ನಿಮ್ಮ ಹಾಗೆಯೇ ಇದ್ದವರೊಬ್ಬರು ಹೋದರಂತೆ ಅಜ್ಜ, ಅಂತ ಇವರಿಗೇ ತೋರಿಸಿದೆ.”

“ತೋರಿಸಿದ್ರಾ? ಎಂತ ಹೇಳಿದ್ರು?”

“ತುಂಬ ಹೊತ್ತು ನೋಡಿದ್ರು. ‘ಪಾಪ, ಒಳ್ಳೆ ಜನ ಇದ್ದ ಹಾಗೆ ಕಾಣ್ತದೆ’ ಅಂದ್ರು.”

ನಾನು ನಗಬಾರದೆಂದು ಬಹಳ ಪ್ರಯತ್ನಪಟ್ಟೆ. ಉಬೈದ್ ಮೊದಲು ನಕ್ಕ, ಆಮೇಲೆ ನನ್ನಿಂದಲೂ ತಡೆಯಲಾಗಲಿಲ್ಲ.

“ಇಷ್ಟು ಹೊತ್ತು ಯಾರಿಗೂ ಹೇಳ್ಲಿಲ್ವಾ ನೀವು, ಒಬ್ಬ ಅಜ್ಜ ಇಲ್ಲಿದ್ದಾರೆ ಅಂತ?”

“ಕೇಳಿದೆ ಅಕ್ಕ, ಮನೆ ಎಲ್ಲಿ ಅಂತ. ‘ಇದೇ, ಗೋಡೆಯ ಆಚೆ’ ಅಂದ್ರು. ಬಂದರಿಗೆ ಜಾಗ ಬಿಟ್ಟುಕೊಟ್ಟು ನಮ್ಮ ಅಜ್ಜನೂ ಎಲ್ಲರ ಹಾಗೆ ಇಲ್ಲಿಂದಲೇ ಕಾಟಿಪಳ್ಳಕ್ಕೆ ಎದ್ದು ಹೋದವರು. ನನಗೆ ಅರ್ಥ ಆಯ್ತು. ಬಿಸಿಲು ಇಳಿದ ಮೇಲೆ ಅಂಗಡಿ ಮುಚ್ಚಿ ಬೈಕಿನಲ್ಲಿ ಕಾಟಿಪಳ್ಳಕ್ಕೆ ಬಿಟ್ಟು ಕೇಳುವ ಅಂತ ಇದ್ದೆ. ಅಲ್ಲಿ ಯಾರಿಗಾದ್ರೂ ಗೊತ್ತಿರ್ತದೆ.”

ಅಲ್ಲಿಯೇ ಬೆಂಚಿನಲ್ಲಿ ಕುಳಿತು ನನ್ನ ಮೊಬೈಲಿನಿಂದ ಮೂರನೆಯ ಪ್ರಕಟಣೆ ಹಾಕಿದೆ. ‘ಚೆನ್ನಪ್ಪ ಪೂಜಾರಿ ಸಿಕ್ಕಿದ್ದಾರೆ. ಆರೋಗ್ಯವಾಗಿದ್ದಾರೆ. ಹುಡುಕಿದ ಎಲ್ಲರಿಗೂ ವಂದನೆ.’ ಚಾಯದ ಗ್ಲಾಸು ಹಿಡಿದು ಕುಳಿತ ಅಜ್ಜನ ಫೋಟೋ ತೆಗೆದು ಜೊತೆಗೆ ಸೇರಿಸಿದೆ. ಅಷ್ಟು ಸಣ್ಣದನ್ನು ಯಾವ ಫೀಡೂ ತುಂಡು ಮಾಡಲಾರದು.

ಹತ್ತು ನಿಮಿಷದಲ್ಲಿ ಜಯ ಸ್ಕೂಟರಿನಲ್ಲಿ ಬಂದರು. ದಪ್ಪಗಿನ ಮನುಷ್ಯ, ಅಂಗಿಯೆಲ್ಲ ಬೆವರು. ತಂದೆಯನ್ನು ದೂರದಿಂದಲೇ ನೋಡಿ ಸ್ಕೂಟರಿಗೆ ಸ್ಟ್ಯಾಂಡ್ ಹಾಕುವುದನ್ನೂ ಮರೆತರು. ಅದು ಬಿದ್ದಿತು, ಉಬೈದ್ ಹೋಗಿ ಎತ್ತಿದ. ಜಯ ತಂದೆಯ ಎದುರು ಕುಕ್ಕರಗಾಲಿನಲ್ಲಿ ಕುಳಿತು ಎರಡೂ ಕೈಗಳಿಂದ ಅವರ ಪಾದ ಹಿಡಿದುಕೊಂಡರು. ಅಜ್ಜ ಮಗನ ತಲೆ ನೋಡಿ, “ಕೂದಲು ಉದುರಿದೆ ನಿನ್ನದು,” ಎಂದರು.

ಜಯ ಎದ್ದು ಕಣ್ಣು ಒರೆಸಿಕೊಂಡು ನನ್ನ ಕಡೆ ಬಂದಾಗ ಬೈಗುಳ ಈಗ ಶುರುವಾಗುತ್ತದೆ ಎಂದು ಸಿದ್ಧಳಾಗಿ ನಿಂತೆ. ಅವರು ಮೊಬೈಲ್ ತೆಗೆದು ನನ್ನ ಹೊಸ ಪ್ರಕಟಣೆಯನ್ನು ತೋರಿಸಿದರು.

“ಅಕ್ಕ, ಇದರಲ್ಲಿ ಮಂಡಳಿಯ ಹೆಸರು ಬಿಟ್ಟುಹೋಗಿದೆ.”

ಕುಶಲಾ ಗಂಡನನ್ನು ಒಂದು ನೋಟ ನೋಡಿದರು. ಅಷ್ಟಕ್ಕೇ ಅವರು ಮೊಬೈಲನ್ನು ಕಿಸೆಗೆ ಹಾಕಿಕೊಂಡರು. “ಇರ್ಲಿ, ಇರ್ಲಿ. ಚೆನ್ನಾಗಿಯೇ ಉಂಟು.”

ಮುಖೇಶ್ ವೀಡಿಯೋದಲ್ಲಿ ಬಂದ. ಅಳುತ್ತಿದ್ದಾನೋ ನಗುತ್ತಿದ್ದಾನೋ ಗೊತ್ತಾಗುತ್ತಿರಲಿಲ್ಲ. ಅಜ್ಜ ಮೊಬೈಲನ್ನು ದೂರ ಹಿಡಿದು ನೋಡಿ, ಅವನ ಊಟ ಆಯಿತೋ ಎಂದು ಕೇಳಿದರು. ಆಗಿಲ್ಲ ಎಂದ. “ಮೊದಲು ಊಟ ಮಾಡು,” ಎಂದು ಹೇಳಿ ಮೊಬೈಲನ್ನು ಉಬೈದನ ಕೈಗೆ ಕೊಟ್ಟರು. ಅಲ್ಲಿಂದ ಮುಖೇಶನೂ ಉಬೈದನೂ ಹಳೆಯ ಸ್ನೇಹಿತರಂತೆ ಐದು ನಿಮಿಷ ಮಾತಾಡಿದರು.

ಅಷ್ಟರಲ್ಲಿ ಅಕ್ಷಿತನ ಫೋನು. ಸಿಕ್ಕಿದ ಸುದ್ದಿ ಓದಿದ್ದ. “ಮಾಮಿ, ಇನ್ನು ಎಂತ ಮಾಡುದು? ಪೂರ್ತಿಯೇ ಇರ್ಲಾ, ಅಥವಾ ಸಂಜೆಗೆ ಪುನಃ ಕತ್ತರಿಸುದಾ?”

“ಸಿನಿಮಾ, ಕ್ರಿಕೆಟ್, ರಾಜಕೀಯ ಎಷ್ಟು ಬೇಕಾದ್ರೂ ಕತ್ತರಿಸು. ಕುತೂಹಲ ಇದ್ದವರು ಬರ್ತಾರೆ. ನನ್ನ ಪ್ರಕಟಣೆ ಕತ್ತರಿಸ್ಬೇಡ. ಅದು ಪೂರ್ತಿ ಹೋಗ್ಬೇಕು, ಕದಿಯುವವ ಕದಿಯಲಿ. ಅವನು ಕದ್ದು ಹಾಕಿದ್ರೆ ಇನ್ನೂ ನಾಲ್ಕು ಜನ ಹುಡುಕ್ತಾರೆ.”

“ಹಾಗೆ ಬೇರೆ ಬೇರೆ ಮಾಡ್ಬೇಕಾದ್ರೆ ಎರಡು ಫೀಡ್ ಮಾಡ್ಬೇಕು.”

“ಮಾಡು.”

“ಮತ್ತೆ ನೀವೂ ವಿಷಯವನ್ನು ಮೊದಲನೇ ಸಾಲಿನಲ್ಲೇ ಬರೀಬೇಕು. ಎಲ್ಲ ನನ್ನ ತಲೆಗೇ ಕಟ್ಟಬೇಡಿ.”

“ಬರೀತೇನೆ ಮಾರಾಯ. ಬಿರುದು ಎಲ್ಲ ಕೆಳಗೆ ಹಾಕ್ತೇನೆ. ಬೇಜಾರು ಮಾಡಿಕೊಳ್ಳುವವರನ್ನು ನಿನ್ನ ಹತ್ರ ಕಳಿಸ್ತೇನೆ.”

ಅಜ್ಜ ತಾವಾಗಿಯೇ ಎದ್ದು ನಿಂತರು. ಕೊಡೆ ಬಿಡಿಸಿದರು. “ಹೋಗುವ ಮನೆಗೆ,” ಎಂದರು. ಜಯ ಹೆದರಿ ಹೆಂಡತಿಯ ಮುಖ ನೋಡಿದರು. ಅಜ್ಜ ಗೋಡೆಯ ಕಡೆಗೆ ನಡೆದುಬಿಟ್ಟರೆ ಏನು ಹೇಳಿ ತಿರುಗಿಸುವುದು?

ಕುಶಲಾ ಅವರೇ ಕೇಳಿದರು. “ಯಾವ ಮನೆಗೆ ಮಾವ?”

“ನಿನ್ನ ಮನೆಗೆ. ಇನ್ನು ಯಾವುದು? ಇಲ್ಲಿ ಬಾಗಿಲೇ ಇಲ್ಲ.” ಹೇಳಿ, ನಾವು ಬಂದ ರಿಕ್ಷಾದ ಕಡೆಗೆ ನಡೆದರು.

ಕುಶಲಾ ಅವರ ಪಕ್ಕದಲ್ಲಿ ಹತ್ತಿ, ತೋಳಿನೊಳಗೆ ತೋಳು ಸೇರಿಸಿ ಗಟ್ಟಿಯಾಗಿ ಹಿಡಿದುಕೊಂಡರು. ರಿಕ್ಷಾ ಹೊರಟಿತು, ಅದರ ಹಿಂದೆಯೇ ಜಯ ಅವರ ಸ್ಕೂಟರು. ಹೆದ್ದಾರಿಗೆ ತಿರುಗುವವರೆಗೂ ನಾನು ನೋಡುತ್ತಾ ನಿಂತಿದ್ದೆ. ಆಮೇಲೆ ನನಗೆ ವಿಪರೀತ ಹಸಿವಾಗಿದೆ ಎಂದು ಗೊತ್ತಾಯಿತು. ಬೆಂಚಿನಲ್ಲಿ ಕುಳಿತು ಗೋಳಿಬಜೆ ಕೊಡಲು ಹೇಳಿದೆ.